ಪ್ರತಿಯೋಗಿಯಿಲ್ಲದ ಅಭಾವ

ಇಲ್ಲದಿರುವಿಕೆಯನ್ನೂ ಒಂದು ಪದಾರ್ಥವೆಂದು ಎಣಿಸಬೇಕೇ ಎಂಬ ಪ್ರಶ್ನೆಗೆ ಉಡುಪಿಯ ಮಾಧ್ವ ದರ್ಶನವು ಎಣಿಸಲೇಬೇಕೆಂದು ಉತ್ತರಿಸುತ್ತದೆ. ದ್ರವ್ಯ, ಗುಣ, ಕರ್ಮಗಳಿಂದ ತೊಡಗುವ ಅದರ ಹತ್ತು ಪದಾರ್ಥಗಳಲ್ಲಿ ಅಭಾವವೂ ಒಂದು. ನ್ಯಾಯ ದರ್ಶನದ ಪಂಡಿತರಾದ ನೈಯಾಯಿಕರು ಸೂಕ್ಷ್ಮವಾಗಿ ಬೆಳೆಸಿದ ವಿಚಾರದಂತೆ ಅಭಾವವೆಂದರೆ ಬರಿಯ ಶೂನ್ಯವಲ್ಲ, ಅದು ಯಾವಾಗಲೂ ಯಾವುದೋ ಒಂದರ ಅಭಾವ. ಇಲ್ಲವೆನಿಸಿಕೊಳ್ಳುವ ಆ ವಸ್ತುವಿಗೆ ಪ್ರತಿಯೋಗಿ ಎಂದು ಹೆಸರು. ನೆಲದ ಮೇಲೆ ಗಡಿಗೆಯಿಲ್ಲ ಎಂದಾಗ ಗಡಿಗೆ ಪ್ರತಿಯೋಗಿ. ಅದನ್ನು ಹೇಳದೆ ಬರಿದೆ ಇಲ್ಲವೆಂದರೆ ಮಾತು ಪೂರ್ಣವಾಗುವುದಿಲ್ಲ. ಮೊಲದ ಕೊಂಬಿನಂಥ ಅಸತ್ತು, ಅಂದರೆ ಎಂದೂ ಇರದ ವಸ್ತು, ಕೂಡ ಪ್ರತಿಯೋಗಿಯಾಗಬಲ್ಲದೆಂದು ಮಾಧ್ವರು ನೈಯಾಯಿಕರೊಡನೆ ವಾದಿಸಿದರೇ ಹೊರತು ಪ್ರತಿಯೋಗಿಯೇ ಬೇಡವೆನ್ನಲಿಲ್ಲ.

ಉಡುಪಿಯ ರಥಬೀದಿಯಿಂದ ಕೆಲವೇ ಕಿಲೋಮೀಟರು ದೂರದ ಮಣಿಪಾಲದಲ್ಲಿ, 1957ರಲ್ಲಿ ಆರಂಭವಾದ ತಾಂತ್ರಿಕ ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನ ಓದುವವರಿಗೂ ಇಲ್ಲದಿರುವಿಕೆಯನ್ನು ಹೇಗೆ ಎಣಿಸಬೇಕೆಂಬ ಈ ಪ್ರಶ್ನೆ ಎದುರಾಗುತ್ತದೆ. ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಎಂಬ ಪ್ರೋಗ್ರಾಮಿಂಗ್ ಭಾಷೆಗಾಗಿ ರೂಪಿಸಿದ, ಮುಂದೆ 2009ರಲ್ಲಿ ತಾವೇ ಶತಕೋಟಿ ಡಾಲರ್‌ಗಳ ತಪ್ಪೆಂದು ಕರೆದ ‘ನಲ್’ ಎಂಬ ಬೆಲೆಯು ಪ್ರತಿಯೋಗಿಯಿಲ್ಲದ ಅಭಾವವೇ ಸರಿ: ಅದು ಯಾವ ಟೈಪಿನ, ಅಂದರೆ ಯಾವ ಬಗೆಯ ವಸ್ತುವಿನ ಜಾಗದಲ್ಲಾದರೂ ಸದ್ದಿಲ್ಲದೆ ಕುಳಿತು, ಪ್ರೋಗ್ರಾಂ ನಡೆಯುವಾಗ ಅದನ್ನು ಮುರಿಯುತ್ತದೆ. 2015ರ ಮೇ ತಿಂಗಳಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್ ಭಾಷೆಯಲ್ಲಿ ‘ಆಪ್ಶನ್’ ಎಂಬ ಟೈಪು ಈ ದೋಷವನ್ನು ಕಳೆಯುತ್ತದೆ. ಅಲ್ಲಿ ಸಂಖ್ಯೆಯ ಅಭಾವವೇ ಬೇರೆ, ಪದದ ಅಭಾವವೇ ಬೇರೆ, ಮತ್ತು ವಸ್ತು ಇಲ್ಲದಿದ್ದರೆ ಏನಾಗಬೇಕೆಂಬುದನ್ನು ಬರೆಯದೆ ಒಳಗಿನ ಬೆಲೆಯನ್ನು ಬಳಸಲು ಕಂಪೈಲರ್ ಬಿಡುವುದಿಲ್ಲ. ರಸ್ಟ್‌ನ ಟೈಪು ವ್ಯವಸ್ಥೆಯ ಗುಣಗಳಲ್ಲಿ ತಾತ್ವಿಕವಾಗಿ ಅತ್ಯಂತ ಗಟ್ಟಿಯಾದದ್ದು ಇದೇ.

ಆದರೆ ಆಪ್ಶನ್, ಪಟ್ಟಿ ಮೊದಲಾದ ಧಾರಕಗಳಿಗೆಲ್ಲ ಸಮಾನವಾದ ರೂಪವನ್ನೇ ಹಿಡಿದು, ಧಾರಕ ಯಾವುದೆಂಬುದನ್ನು ತೆರೆದಿಟ್ಟು ಒಂದೇ ನಿಯಮ ಬರೆಯುವ ಸೌಕರ್ಯ ಹ್ಯಾಸ್ಕೆಲ್ ಭಾಷೆಯಲ್ಲಿರುವಂತೆ ರಸ್ಟ್‌ನಲ್ಲಿಲ್ಲ; 2022ರ ನವೆಂಬರಿನ 1.65ನೇ ಆವೃತ್ತಿಯಲ್ಲಿ ಬಂದ ಸೌಲಭ್ಯವೊಂದು ಆ ಕೊರತೆಯನ್ನು ಭಾಗಶಃ ಮಾತ್ರ ತುಂಬಿದೆ. ಈ ಕೊರತೆಯನ್ನು ಸಮರ್ಥಿಸಲು ನ್ಯಾಯ ದರ್ಶನದ ಒಂದು ವಾದ ನೆನಪಾಗಬಹುದು: ಹಲವು ವಸ್ತುಗಳಿಗೆ ಸಮಾನವಾದ ಧರ್ಮವೆನಿಸುವ ಸಾಮಾನ್ಯದ (ಜಾತಿಯ) ಮೇಲೆ ಇನ್ನೊಂದು ಸಾಮಾನ್ಯವನ್ನು ಒಪ್ಪಿದರೆ ಕೊನೆಯಿಲ್ಲದ ಸರಣಿ, ಅಂದರೆ ಅನವಸ್ಥೆ, ಒದಗುತ್ತದೆಂದು ನೈಯಾಯಿಕರಾದ ಉದಯನಾಚಾರ್ಯರು ಜಾತಿಯೊಳಗೆ ಜಾತಿಯನ್ನು ನಿರಾಕರಿಸಿದ್ದುಂಟು. ಆದರೂ ಆ ವಾದ ರಸ್ಟ್‌ನ ನೆರವಿಗೆ ಬರುವುದಿಲ್ಲ, ಏಕೆಂದರೆ ಹ್ಯಾಸ್ಕೆಲ್ ಟೈಪುಗಳನ್ನೇ ಮತ್ತೆ ವರ್ಗೀಕರಿಸಿಯೂ ಅನವಸ್ಥೆಗೆ ಸಿಲುಕದೆ ನಡೆಯುತ್ತಿದೆ. ರಸ್ಟ್‌ನಲ್ಲಿ ಅಡ್ಡಿಯಾಗಿರುವುದು ಟೈಪುಗಳನ್ನು ಊಹಿಸುವ ಕ್ರಮವೂ ಕಂಪ್ಯೂಟರ್ ಸ್ಮೃತಿಯ ಒಡೆತನದ ನಿಯಮಗಳೂ ಸೇರಿ ತರುವ ಜಟಿಲತೆಯೇ ಹೊರತು ತರ್ಕವಲ್ಲ. ಆದ್ದರಿಂದ ಇದು ಸಿದ್ಧಾಂತವಲ್ಲ, ಕೊರತೆ. ಎರಡೂ ಕಡೆಯವರು ಎದುರಿಸುವುದು ಒಂದೇ ಪ್ರಶ್ನೆಯಾದ್ದರಿಂದ, ಅನ್ನಂಭಟ್ಟನ ನ್ಯಾಯಗ್ರಂಥವಾದ ತರ್ಕಸಂಗ್ರಹದ ಅಭಾವ ಪ್ರಕರಣವನ್ನು ಮಣಿಪಾಲದ ತರಗತಿಗಳಲ್ಲೂ ಆಪ್ಶನ್ನಿನ ವಿಚಾರವನ್ನು ಉಡುಪಿಯ ಸಂಸ್ಕೃತ ಪಾಠಶಾಲೆಗಳಲ್ಲೂ ಓದಿಸುವ ಕೆಲಸ ಇನ್ನಾದರೂ ಆಗಬೇಕು.