ಆರಾಮಾದ ಮೇಲೂ ಗುಳಿಗೆ

‘ಆರಾಮ ಆಗ್ಯಾದ, ಗುಳಿಗಿ ಬಿಟ್ಟೀನಿ.’ ಹುಮನಾಬಾದ್ ತಾಲ್ಲೂಕಿನ ದುಬಲಗುಂಡಿಯಿಂದ ಬಸವಕಲ್ಯಾಣದವರೆಗೆ ಯಾವ ಊರಿನ ಕಟ್ಟೆಯ ಮೇಲೆ ಬಿಪಿ ಮಾತೆತ್ತಿದರೂ ಈ ಮಾತು ಕೇಳಿಸುತ್ತದೆ. ಜ್ವರ ಬಂದರೆ ಗುಳಿಗೆ ನುಂಗುವುದು, ಇಳಿದ ಮೇಲೆ ಬಿಡುವುದು ನಮ್ಮ ರೂಢಿ. ಬಿಪಿಗೂ ಅದೇ ಲೆಕ್ಕ ಹಾಕುತ್ತೇವೆ. ಆದರೆ 160 ಇದ್ದದ್ದು 130ಕ್ಕೆ ಬಂದು ನಿಂತಿರುವುದು ಗುಳಿಗೆ ಹಿಡಿದಿಟ್ಟಿರುವುದರಿಂದ. ಬಿಟ್ಟರೆ ಮತ್ತೆ ಏರುತ್ತದೆ. ಏರಿದ್ದು ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಒಂದು ಮುಂಜಾನೆ ಬಾಯಿ ಸೊಟ್ಟಗಾಗಿ, ಕೈ ಮೇಲೇಳದೆ ಹೋದಾಗ ಲಕ್ವಾ ಹೊಡೆಯಿತೆಂದು ಬೀದರಿಗೋ ಕಲಬುರಗಿಗೋ ಓಡುತ್ತೇವೆ.

ಇದಕ್ಕೆ ಹಳ್ಳಿಯವರ ಅಜ್ಞಾನ ಎಂದು ಹೆಸರಿಡುವುದು ಅನ್ಯಾಯ. ಶ್ರೀಮಂತ ದೇಶಗಳಲ್ಲೂ ದೀರ್ಘಕಾಲದ ಕಾಯಿಲೆಗೆ ಹೇಳಿದಂತೆ ಔಷಧಿ ತೆಗೆದುಕೊಳ್ಳುವವರು ಸರಾಸರಿ ಅರ್ಧದಷ್ಟು ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿದೆ. ನಮ್ಮವರಿಗೋ ದವಾಖಾನೆಯ ಸಾಲಿನಲ್ಲಿ ನಿಂತರೆ ಅಂದಿನ ಕೂಲಿ ಹೋಯಿತು. ಹೈದರಾಬಾದಿಗೆ, ಪುಣೆಗೆ ದುಡಿಯಲು ಹೋದರೆ ಡಾಕ್ಟರೂ ಬದಲಾಗುತ್ತಾರೆ, ಗುಳಿಗೆಯೂ ಬದಲಾಗುತ್ತದೆ. ಬಿಪಿಗೆ ಸಾಮಾನ್ಯವಾಗಿ ಕೊಡುವ ಆಮ್ಲೋಡಿಪಿನ್ ಕೆಲವರಿಗೆ ಕಾಲು ಬಾವು ತರುತ್ತದೆ. ಯಾರಿಗೂ ಹೇಳದೆ ಗುಳಿಗೆ ನಿಲ್ಲಿಸುತ್ತಾರೆ. ಹೇಳಿದ್ದರೆ ಡಾಕ್ಟರು ಪ್ರಮಾಣ ತಗ್ಗಿಸಬಹುದಿತ್ತು, ಬೇರೆಯದನ್ನು ಬರೆಯಬಹುದಿತ್ತು.

ಮನೆಯ ಗೂಡಿನಲ್ಲಿರುವ ಗುಳಿಗೆ ಪಟ್ಟಿಯನ್ನೊಮ್ಮೆ ನೋಡಿ. ಅಂಗಡಿಯವರು ನಾಲ್ಕೇ ಗುಳಿಗೆ ಕತ್ತರಿಸಿ ಕೊಟ್ಟಿರುತ್ತಾರೆ. ಹೆಸರು, ಅವಧಿ ಮುಗಿಯುವ ತಾರೀಖು ಎರಡೂ ಆ ಕತ್ತರಿಗೆ ಸಿಕ್ಕು ಹೋಗಿರುತ್ತವೆ. ಅದರ ಪಕ್ಕದಲ್ಲೇ ಮೊಣಕಾಲು ನೋವಿನ ಗುಳಿಗೆ ಇರುತ್ತದೆ. ಡೈಕ್ಲೊಫಿನಾಕ್‌ನಂಥ ನೋವಿನ ಗುಳಿಗೆಗಳು ಬಿಪಿ ಏರಿಸುತ್ತವೆ ಎಂಬುದನ್ನು ಹೊಲದಿಂದ ದಣಿದು ಬಂದು ಅದನ್ನು ನುಂಗುವ ಅವ್ವನಿಗೆ ಯಾರೂ ತಿಳಿಸಿರುವುದಿಲ್ಲ.

ಬಿಪಿಯನ್ನು ಹಿಡಿತಕ್ಕೆ ತರುವ ದಾರಿ ದೇಶಕ್ಕೆ ಗೊತ್ತಿದೆ. 2017ರಲ್ಲಿ ಶುರುವಾದ ಭಾರತೀಯ ರಕ್ತದೊತ್ತಡ ನಿಯಂತ್ರಣ ಯೋಜನೆ 2022ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿ ಪಡೆಯಿತು. ಅದರ ಹಿಂದಿರುವುದು ಸಾದಾ ಕೆಲಸ: ಎಲ್ಲ ಕಡೆ ಒಂದೇ ಬಗೆಯ ಚಿಕಿತ್ಸೆ, ಹತ್ತಿರದ ಸರಕಾರಿ ಕೇಂದ್ರದಲ್ಲೇ ತಿಂಗಳಿಗಾಗುವಷ್ಟು ಪುಕ್ಕಟೆ ಗುಳಿಗೆ, ಬರಬೇಕಾದವರು ಬಾರದಿದ್ದರೆ ವಿಚಾರಿಸುವುದು. ನಮ್ಮ ರಾಜ್ಯ ಸರಕಾರ 2024ರಲ್ಲಿ ಕೋಲಾರದಿಂದ ಆರಂಭಿಸಿದ ಗೃಹ ಆರೋಗ್ಯ ಯೋಜನೆಯ ಉದ್ದೇಶವೂ 30 ದಾಟಿದವರ ಬಿಪಿ, ಶುಗರ್ ಅನ್ನು ಮನೆಬಾಗಿಲಲ್ಲೇ ನೋಡಿ ಗುಳಿಗೆ ಕೊಡುವುದು. ನನ್ನ ದೃಷ್ಟಿಯಲ್ಲಿ ಇವುಗಳಲ್ಲೆಲ್ಲ ಅತಿ ಮುಖ್ಯವಾದದ್ದು ಆ ವಿಚಾರಿಸುವಿಕೆ. ತಪಾಸಣಾ ಶಿಬಿರ ಒಂದೇ ದಿನಕ್ಕೆ ಮುಗಿಯುತ್ತದೆ, ಬಿಪಿ ಜೀವಮಾನವಿಡೀ ಇರುತ್ತದೆ.

ಸರಕಾರ ಮಾಡುವುದನ್ನು ಮಾಡಲಿ. ಈ ವಾರ ನಿಮ್ಮ ಮನೆಯ ಹಿರಿಯರ ಗುಳಿಗೆಗಳನ್ನು ಎಣಿಸಿ ನೋಡಿ. ಲೆಕ್ಕಕ್ಕಿಂತ ಹೆಚ್ಚು ಉಳಿದಿದ್ದರೆ ಗದರಬೇಡಿ, ಯಾಕೆ ಬಿಟ್ಟಿರಿ ಎಂದು ಕೇಳಿ, ಆ ಕಾರಣವನ್ನು ಆಶಾ ಅಕ್ಕನಿಗೋ ಡಾಕ್ಟರಿಗೋ ಹೇಳಿ. ಮುಂದಿನ ಸಲ ದವಾಖಾನೆಗೆ ಹೋಗುವಾಗ ಚೀಟಿಯ ಜೊತೆ ನೋವಿನ ಗುಳಿಗೆಯನ್ನೂ ಒಯ್ದು ತೋರಿಸಿ. ಊರು ಬಿಟ್ಟು ದುಡಿಯಲು ಹೊರಟವರು ಬಸ್ ಹತ್ತುವ ಮುನ್ನ ಅಷ್ಟೂ ದಿನಕ್ಕೆ ಸಾಲುವ ಗುಳಿಗೆ ಕೇಳಿ ಪಡೆಯಿರಿ.