ದಿನನಿತ್ಯದ ನಂಬಿಗಸ್ತಿಕೆ

ಆಯುಧಪೂಜೆಯ ದಿನದಂದು ಬಡಗಿಯ ಉಳಿಯೂ, ಚಾಲಕನ ವಾಹನವೂ, ಗುಮಾಸ್ತೆಯ ಲೇಖನಿಯೂ, ಗೃಹಿಣಿಯ ಈಳಿಗೆಮಣೆಯೂ ಅರಿಸಿನ ಕುಂಕುಮಗಳಿಂದ ಅಲಂಕೃತವಾಗುತ್ತವೆ. ವರ್ಷಕ್ಕೊಂದು ದಿನ ಉಪಕರಣಗಳು ವಿಶ್ರಮಿಸಿ ಪೂಜೆಗೊಳ್ಳುತ್ತವೆ. ಹಬ್ಬ ಕಳೆದೊಡನೆ ಮತ್ತೆ ದುಡಿಮೆಗೆ ಇಳಿಯುತ್ತವೆ. ಪೂಜೆಯ ಆ ಒಂದು ದಿನಕ್ಕೂ ದುಡಿಮೆಯ ಉಳಿದ ದಿನಗಳಿಗೂ ಇರುವ ಸಂಬಂಧವಾದರೂ ಯಾವುದು? ಭಗವಂತನಲ್ಲಿ ಮನುಷ್ಯನಿಗಿರುವ ನಿಷ್ಠೆಯನ್ನು ಅಳೆಯಬೇಕಾದುದು ಹಬ್ಬದ ದಿನದ ಉತ್ಸಾಹದಿಂದಲೋ, ಯಾರೂ ಗಮನಿಸದ ಸಾಮಾನ್ಯ ದಿನದ ನಡತೆಯಿಂದಲೋ? ಈ ಪ್ರಶ್ನೆ ಯಾವ ಒಂದು ಮತಕ್ಕೂ ಸೇರಿದುದಲ್ಲ. ಆದರೆ ಕ್ರೈಸ್ತ ಧರ್ಮವು ಇದಕ್ಕೆ ಕಂಡುಕೊಂಡ ಉತ್ತರವು ಎಲ್ಲ ಮತದ ಭಕ್ತರಿಗೂ ಚಿಂತನೀಯವಾಗಿದೆ.

ಕನ್ನಡ ಬೈಬಲಿನ ಮೂಲಕ ಕನ್ನಡ ಕ್ರೈಸ್ತರ ಮಾತಿನಲ್ಲಿ ನೆಲೆಗೊಂಡ ಒಂದು ಸುಂದರವಾದ ಪದವಿದೆ: ನಂಬಿಗಸ್ತ. ನಂಬುವವನು ಬೇರೆ, ನಂಬಿಗಸ್ತನು ಬೇರೆ. ಮೊದಲನೆಯವನು ಇನ್ನೊಬ್ಬನಲ್ಲಿ ವಿಶ್ವಾಸವಿಡುತ್ತಾನೆ. ಎರಡನೆಯವನು ಇನ್ನೊಬ್ಬನು ತನ್ನಲ್ಲಿ ವಿಶ್ವಾಸವಿಡಲು ಯೋಗ್ಯನಾಗಿ ಬಾಳುತ್ತಾನೆ. ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ಈ ಎರಡು ಅರ್ಥಗಳಿಗೂ 'ಪಿಸ್ತಿಸ್' ಎಂಬ ಒಂದೇ ಶಬ್ದ ಸಲ್ಲುತ್ತದೆ. ಹೀಬ್ರೂ ಭಾಷೆಯ 'ಎಮುನಾ' ಎಂಬುದಕ್ಕೆ ಅಲುಗದೆ ನಿಲ್ಲುವುದು, ಸ್ಥಿರವಾಗಿರುವುದು ಎಂಬ ಅರ್ಥವಿದೆ. ಪ್ರಾರ್ಥನೆಯ ಕೊನೆಯಲ್ಲಿ ನುಡಿಯುವ 'ಆಮೆನ್' ಎಂಬ ಶಬ್ದವೂ ಅದೇ ಧಾತುವಿನಿಂದ ಬಂದುದು. ಆದುದರಿಂದ ಆಮೆನ್ ಎಂಬುದು ಪ್ರಾರ್ಥನೆಯ ಮುಕ್ತಾಯ ಮಾತ್ರವಲ್ಲ. ಎದ್ದುಹೋದ ಮೇಲೆ ನಡೆಯಬೇಕಾದ ಬಾಳಿಗೆ ಹಾಕಿದ ರುಜುವೂ ಹೌದು.

ಚೆನ್ನೈ ನಗರದ ಅಡ್ಯಾರ್ ಪ್ರದೇಶದಲ್ಲಿ ಈ ವಿಷಯವು ಕಣ್ಣಿಗೆ ಕಟ್ಟುವಂತೆ ತೋರುತ್ತದೆ. ಪ್ರತಿವರ್ಷ ಆಗಸ್ಟ್ 29ರಂದು ಬೆಸೆಂಟ್ ನಗರದ ವೇಳಾಂಕಣಿ ಮಾತೆಯ ದೇವಾಲಯದಲ್ಲಿ ಧ್ವಜಾರೋಹಣವಾದಾಗ ಜನಸಾಗರವೇ ಸಮುದ್ರತೀರದತ್ತ ಹರಿದುಬರುತ್ತದೆ. ಕಾವಿಯ ಬಟ್ಟೆ ತೊಟ್ಟು, ದೂರದ ಬಡಾವಣೆಗಳಿಂದ ಬರಿಗಾಲಿನಲ್ಲಿ ನಡೆದು ಬರುವವರಿದ್ದಾರೆ. ಹರಕೆ ಹೊತ್ತ ಅನ್ಯಮತೀಯರೂ ಇದ್ದಾರೆ. ಸೆಪ್ಟೆಂಬರ್ 8ರಂದು ಮಾತೆಯ ಜನ್ಮದಿನದ ಹಬ್ಬವು ಮುಗಿದ ಮೇಲೆ ಬೀದಿಗಳು ಬರಿದಾಗುತ್ತವೆ. ಆ ಭಕ್ತಿ ಸುಳ್ಳಲ್ಲ. ಬಿಸಿಲಿನಲ್ಲಿ ನಡೆದ ಕಾಲುಗಳ ಬೊಬ್ಬೆಯೂ ಸುಳ್ಳಲ್ಲ. ಆದರೆ ಸೆಪ್ಟೆಂಬರ್ 9ರ ಬೆಳಿಗ್ಗೆ ಅದೇ ಭಕ್ತನು ಅಂಗಡಿಯ ತಕ್ಕಡಿಯ ಮುಂದೆ ಕುಳಿತಾಗ, ಕಚೇರಿಯ ಮೇಜಿನ ಮುಂದೆ ಕುಳಿತಾಗ, ಹಾಸಿಗೆ ಹಿಡಿದ ವೃದ್ಧ ತಾಯಿಯು ಮೂರನೆಯ ಬಾರಿ ನೀರು ಕೇಳಿದಾಗ, ಹಬ್ಬದ ಭಕ್ತಿಯ ನಿಜವಾದ ಪರೀಕ್ಷೆಯು ಆರಂಭವಾಗುತ್ತದೆ.

ಹುಟ್ಟೂರನ್ನು ಬಿಟ್ಟು ಮಹಾನಗರಕ್ಕೆ ಬಂದವನಿಗೆ ಈ ಪರೀಕ್ಷೆಯು ಇನ್ನೂ ಕಠಿಣ. ಮಂಗಳೂರಿನಲ್ಲಿಯೋ ಧಾರವಾಡದಲ್ಲಿಯೋ ಬೆಳೆದ ಕ್ರೈಸ್ತನಿಗೆ ಅಲ್ಲಿ ಗಂಟೆಯ ನಾದವೇ ಪ್ರಾರ್ಥನೆಯ ಹೊತ್ತನ್ನು ತಿಳಿಸುತ್ತದೆ. ಸಂಜೆಯ ದೀಪ ಹೊತ್ತಿಸಿದೊಡನೆ ಅಜ್ಜಿಯು ಮಕ್ಕಳನ್ನು ಕರೆದು ಕೂರಿಸುತ್ತಾಳೆ. ಭಾನುವಾರ ದೇವಾಲಯಕ್ಕೆ ಹೋಗದಿದ್ದರೆ ನೆರೆಹೊರೆಯವರು ಕೇಳುತ್ತಾರೆ. ಅಲ್ಲಿ ಊರೇ ಅವನ ನಿಷ್ಠೆಯನ್ನು ಹೆಗಲ ಮೇಲೆ ಹೊತ್ತಿರುತ್ತದೆ. ನಗರದಲ್ಲಿ ಕೇಳುವವರಿಲ್ಲ. ಪ್ರಾರ್ಥನೆಯ ಭಾಷೆಯೂ ತಮಿಳೋ ಇಂಗ್ಲಿಷೋ ಆಗಿರುತ್ತದೆ. ಬಾಲ್ಯದಲ್ಲಿ ಕಲಿತ ಕೀರ್ತನೆಯು ಗಂಟಲಿನಲ್ಲಿಯೇ ಉಳಿಯುತ್ತದೆ. ಬಸ್ಸಿನ ನೂಕುನುಗ್ಗಲು, ಬಾಡಿಗೆಯ ಚಿಂತೆ, ಮಕ್ಕಳ ಶಾಲೆಯ ಶುಲ್ಕ ಇವುಗಳ ನಡುವೆ ಒಂದು ದಿನ ಪ್ರಾರ್ಥನೆ ತಪ್ಪುತ್ತದೆ, ಮರುದಿನವೂ ತಪ್ಪುತ್ತದೆ; ಆಕಾಶವೇನೂ ಕಳಚಿ ಬೀಳುವುದಿಲ್ಲ. ದೇವರನ್ನು ನಿರಾಕರಿಸಿ ದೂರ ಹೋಗುವವರು ವಿರಳ. ಮರೆತು ದೂರವಾಗುವವರೇ ಬಹಳ. ಅಪನಂಬಿಗಸ್ತಿಕೆಯು ದ್ರೋಹದ ರೂಪದಲ್ಲಿ ಬರುವುದಿಲ್ಲ, ಬಿಡುವಿಲ್ಲದಿರುವಿಕೆಯ ರೂಪದಲ್ಲಿ ಬರುತ್ತದೆ.

ಸುವಾರ್ತೆಗಳಲ್ಲಿ ಈ ದೃಷ್ಟಿಯಿಂದ ಗಮನಿಸಬೇಕಾದ ಎರಡು ಸಂಗತಿಗಳಿವೆ. ಯೇಸುವು ಬೋಧನೆಯನ್ನು ಆರಂಭಿಸಿದಾಗ ಆತನಿಗೆ ಸುಮಾರು ಮೂವತ್ತು ವರ್ಷ ವಯಸ್ಸೆಂದು ಲೂಕನು ಬರೆದಿದ್ದಾನೆ. ಬೋಧನೆಯ ಕಾಲವನ್ನು ಸಂಪ್ರದಾಯವು ಮೂರು ವರ್ಷವೆಂದು ಎಣಿಸುತ್ತದೆ. ಹಾಗಾದರೆ ಆ ಬಾಳಿನ ಬಹುಪಾಲು ನಜರೇತೆಂಬ ಸಣ್ಣ ಊರಿನಲ್ಲಿ, ಬಡಗಿಯ ಕೆಲಸದಲ್ಲಿ, ಯಾರ ಗಮನಕ್ಕೂ ಬಾರದೆ ಕಳೆಯಿತು. ಆ ಮೌನದ ವರ್ಷಗಳು ವ್ಯರ್ಥವೆಂದು ಯಾವ ಕ್ರೈಸ್ತನೂ ಹೇಳಲಾರನು. ಎರಡನೆಯದು ಪೇತ್ರನ ಕಥೆ. ಪ್ರಾಣ ಹೋದರೂ ಗುರುವನ್ನು ಬಿಡೆನೆಂದು ಎಲ್ಲರೆದುರು ಆಣೆಯಿಟ್ಟ ಆ ಶಿಷ್ಯನು ಅದೇ ರಾತ್ರಿ ಬೆಂಕಿ ಕಾಯಿಸುತ್ತಾ ನಿಂತಿದ್ದಾಗ ಒಬ್ಬ ದಾಸಿಯ ಸಾಮಾನ್ಯ ಪ್ರಶ್ನೆಗೆ ಹೆದರಿ ಗುರುವನ್ನು ಅರಿಯೆನೆಂದನು. ಕತ್ತಿಗೆ ಎದೆಯೊಡ್ಡಲು ಸಿದ್ಧನಾಗಿದ್ದವನು ಚಿಕ್ಕ ಮಾತಿನಲ್ಲಿ ಸೋತನು. ಮುಂದೆ ಅವನನ್ನು ಕ್ಷಮಿಸಿದ ಗುರುವು ಅವನಿಂದ ಇನ್ನೊಂದು ಆಣೆಯನ್ನು ಕೇಳಲಿಲ್ಲ; ಪ್ರೀತಿಯುಂಟೇ ಎಂದು ಕೇಳಿ, ಕುರಿಗಳನ್ನು ಮೇಯಿಸುವ ದಿನದಿನದ ಕೆಲಸವನ್ನು ಒಪ್ಪಿಸಿದನು.

ಇದೇ ತತ್ತ್ವವನ್ನು ಅಡಿಗೆಮನೆಯಲ್ಲಿ ಸಾಧಿಸಿದವನು ಹದಿನೇಳನೆಯ ಶತಮಾನದ ಬ್ರದರ್ ಲಾರೆನ್ಸ್. ಫ್ರಾನ್ಸ್ ದೇಶದಲ್ಲಿ ಸೈನಿಕನಾಗಿದ್ದು ಗಾಯಗೊಂಡ ಈತನು ಪ್ಯಾರಿಸಿನ ಕಾರ್ಮೆಲ್ ಮಠವನ್ನು ಸೇರಿದನು. ಅಲ್ಲಿ ಅವನ ಪಾಲಿಗೆ ಬಂದುದು ಅಡಿಗೆಯ ಕೆಲಸ. ಅವನಿಗೋ ಸ್ವಭಾವತಃ ಅದರಲ್ಲಿ ಜುಗುಪ್ಸೆ. ಆದರೂ ವರ್ಷಗಟ್ಟಲೆ ಆ ಕೆಲಸವನ್ನು ಮಾಡಿ, ಪಾತ್ರೆಗಳ ಸದ್ದಿನ ನಡುವೆಯೂ ದೇವರ ಸಾನ್ನಿಧ್ಯವನ್ನು ನೆನೆಯುವ ಅಭ್ಯಾಸವನ್ನು ಬೆಳೆಸಿಕೊಂಡನು. 1691ರಲ್ಲಿ ಆತನು ತೀರಿಕೊಂಡ ಅನಂತರವೇ ಆತನ ಪತ್ರಗಳೂ ಸಂಭಾಷಣೆಗಳೂ ಪುಸ್ತಕರೂಪದಲ್ಲಿ ಪ್ರಸಿದ್ಧವಾದವು.

ಕನ್ನಡಿಗರಿಗೆ ಈ ಮಾತು ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಪತ್ನಿ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬ ಕಥೆ ಮನೆಮಾತಾಗಿದೆ. ಆಕೆಯ ಶಿವನಿಷ್ಠೆಯು ಹಿಡಿಯಕ್ಕಿಯ ಅಳತೆಯಲ್ಲಿ ಪ್ರಕಟವಾಯಿತು. ಪ್ಯಾರಿಸಿನ ಅಡಿಗೆಯವನೂ ಕಲ್ಯಾಣದ ಗೃಹಿಣಿಯೂ ಒಬ್ಬರನ್ನೊಬ್ಬರು ಅರಿತವರಲ್ಲ. ದೇವರಿಗೆ ಸಲ್ಲಬೇಕಾದುದು ಒಲೆಯ ಬಳಿಯಲ್ಲಿಯೇ ಸಲ್ಲುತ್ತದೆಂಬುದನ್ನು ಇಬ್ಬರೂ ಅರಿತಿದ್ದರು.

ಇನ್ನೊಂದು ನಿದರ್ಶನವು ಪ್ರತಿಯೊಬ್ಬ ಕನ್ನಡಿಗನ ಮೇಲೂ ಋಣವನ್ನು ಹೊರಿಸಿದೆ. 1832ರಲ್ಲಿ ಜರ್ಮನಿಯಲ್ಲಿ ಜನಿಸಿದ ಫರ್ಡಿನಾಂಡ್ ಕಿಟೆಲ್ ಬಾಸೆಲ್ ಮಿಶನ್ನಿನ ಸೇವಕರಾಗಿ 1853ರಲ್ಲಿ ಈ ದೇಶಕ್ಕೆ ಬಂದರು. ಕ್ರಿಸ್ತನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ 'ಕಥಾಮಾಲೆ' ಎಂಬ ಹೆಸರಿನಿಂದ ರಚಿಸಿದರು. ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ ನಾಗವರ್ಮನ 'ಛಂದೋಂಬುಧಿ'ಯನ್ನೂ ಸಂಪಾದಿಸಿದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಸುಮಾರು 70,000 ಶಬ್ದಗಳ ಆ ಗ್ರಂಥವು ಯಾವ ಒಂದು ದಿನದ ಸ್ಫೂರ್ತಿಯಿಂದಲೂ ಆಗತಕ್ಕದ್ದಲ್ಲ. ಒಂದು ಶಬ್ದವನ್ನು ಹುಡುಕಬೇಕು, ಪ್ರಯೋಗವನ್ನು ನೋಡಬೇಕು, ಅರ್ಥವನ್ನು ನಿರ್ಣಯಿಸಬೇಕು, ಬರೆದಿಡಬೇಕು. ಮರುದಿನ ಇನ್ನೊಂದು ಶಬ್ದ. ಪರಭಾಷೆಯೊಂದಕ್ಕೆ ದಶಕಗಳ ಕಾಲ ಈ ಸೇವೆಯನ್ನು ಸಲ್ಲಿಸಿದವರ ಬಾಳಿನಲ್ಲಿ ದೇವಸೇವೆ ಎಲ್ಲಿ ಮುಗಿಯಿತು, ಭಾಷಾಸೇವೆ ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆಯುವುದು ಕಷ್ಟ.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ದಿನದಿನದ ನೇಮವು ಕ್ರಮೇಣ ಯಾಂತ್ರಿಕವಾಗುವುದಿಲ್ಲವೇ ಎಂಬುದು ಮೊದಲನೆಯದು. ಆಗುತ್ತದೆ, ಈ ಅಪಾಯವನ್ನು ಯೇಸುವೇ ತೋರಿಸಿಕೊಟ್ಟನು. ತೋಟದ ಸೊಪ್ಪು ಜೀರಿಗೆಗಳಲ್ಲಿಯೂ ಹತ್ತರಲ್ಲೊಂದು ಪಾಲನ್ನು ತಪ್ಪದೆ ಸಲ್ಲಿಸಿ, ನ್ಯಾಯ, ಕರುಣೆ, ನಂಬಿಗಸ್ತಿಕೆಗಳನ್ನು ಕೈಬಿಟ್ಟ ಧರ್ಮನಿಷ್ಠರನ್ನು ಆತನು ತೀವ್ರವಾಗಿ ಖಂಡಿಸಿದನು. ಆದರೆ ಸಣ್ಣ ನೇಮವನ್ನು ಬಿಟ್ಟುಬಿಡಬೇಕೆಂದು ಹೇಳಲಿಲ್ಲ. ದೊಡ್ಡದನ್ನು ಮರೆಯದೆ ಅದನ್ನೂ ಪಾಲಿಸಬೇಕೆಂಬುದು ಆ ಮಾತಿನ ತಾತ್ಪರ್ಯ. ಹಾಗಾಗಿ ಸಣ್ಣ ನಿಷ್ಠೆಗೆ ಒಂದು ಒರೆಗಲ್ಲಿದೆ: ಅದು ಪಕ್ಕದವನಿಗೆ ಮುಟ್ಟುತ್ತದೆಯೇ? ಬೆಳಗಿನ ಪ್ರಾರ್ಥನೆಯು ಮನೆಯ ಕೆಲಸದಾಕೆಗೆ ಹೊತ್ತಿಗೆ ಸರಿಯಾಗಿ ಸಂಬಳವಾಗಿ, ಕಚೇರಿಯಲ್ಲಿ ಕಾದು ನಿಂತ ಮುದುಕನಿಗೆ ಒಂದು ಸೌಜನ್ಯದ ಉತ್ತರವಾಗಿ ಇಳಿದು ಬಂದರೆ ಅದು ಜೀವಂತ. ಇಳಿಯದಿದ್ದರೆ ಅದು ಬರಿಯ ಜೀರಿಗೆಯ ಲೆಕ್ಕ.

ಎರಡನೆಯ ಆಕ್ಷೇಪವು ಇನ್ನೂ ಆಳವಾದುದು. ಮನಸ್ಸಿನಲ್ಲಿ ಭಕ್ತಿಯ ಭಾವವೇ ಬತ್ತಿಹೋದಾಗ ನೇಮವನ್ನು ಮುಂದುವರಿಸುವುದು ಕಪಟವಲ್ಲವೇ? ಪ್ರಾಮಾಣಿಕನಾದವನು ಭಾವವಿಲ್ಲದ ಪ್ರಾರ್ಥನೆಯನ್ನು ನಿಲ್ಲಿಸಬೇಡವೇ? ಮದರ್ ತೆರೇಸಾರವರು 1997ರಲ್ಲಿ ನಿಧನರಾದರು. ಅವರ ಅಂತರಂಗದ ಪತ್ರಗಳು 2007ರಲ್ಲಿ ಪ್ರಕಟವಾದಾಗ ಲೋಕವು ಬೆರಗಾಯಿತು. ಕಲ್ಕತ್ತೆಯ ದೀನರ ಸೇವೆಯಲ್ಲಿದ್ದ ದಶಕಗಳಲ್ಲಿ ಅವರ ಆತ್ಮವು ದೇವರ ಸಾನ್ನಿಧ್ಯದ ಸವಿಯಿಲ್ಲದೆ ಕತ್ತಲಲ್ಲಿ ತೊಳಲಿತ್ತೆಂಬುದು ಆ ಪತ್ರಗಳಿಂದ ತಿಳಿದುಬಂದಿತು. ಆದರೂ ಅವರು ಮುಂಜಾನೆಯ ಪ್ರಾರ್ಥನೆಯನ್ನು ಬಿಡಲಿಲ್ಲ, ರೋಗಿಯ ಹುಣ್ಣನ್ನು ತೊಳೆಯುವುದನ್ನೂ ಬಿಡಲಿಲ್ಲ. ಕಪಟಿಯು ತನ್ನಲ್ಲಿಲ್ಲದುದನ್ನು ಲಾಭಕ್ಕಾಗಿ ತೋರಿಸುತ್ತಾನೆ. ನಂಬಿಗಸ್ತನು ತನಗೆ ಯಾವ ಲಾಭವೂ ತೋರದಿದ್ದಾಗಲೂ ಕೊಟ್ಟ ಮಾತನ್ನು ನಡೆಸುತ್ತಾನೆ. ಇವೆರಡರ ನಡುವೆ ಭೂಮ್ಯಾಕಾಶಗಳ ಅಂತರವಿದೆ. ಜ್ವರದಲ್ಲಿ ನರಳುವ ಮಗುವಿನ ಪಕ್ಕದಲ್ಲಿ ನಡುರಾತ್ರಿಯಲ್ಲಿ ತೂಕಡಿಸುತ್ತಾ ಕುಳಿತ ತಾಯಿಗೆ ಆ ಕ್ಷಣದಲ್ಲಿ ವಾತ್ಸಲ್ಯದ ಉಕ್ಕು ಇಲ್ಲದಿರಬಹುದು, ಆಯಾಸ ಮಾತ್ರವಿರಬಹುದು. ಅವಳು ಎದ್ದುಹೋಗದಿರುವುದೇ ವಾತ್ಸಲ್ಯ.

ಅಡ್ಯಾರಿನ ಥಿಯೊಸಾಫಿಕಲ್ ಸೊಸೈಟಿಯ ತೋಟದಲ್ಲಿ ಹಲವು ಮತಗಳ ಆರಾಧನಾಮಂದಿರಗಳಿವೆ. ಅಲ್ಲಿಯೇ ಪ್ರಸಿದ್ಧವಾದ ದೊಡ್ಡ ಆಲದ ಮರವೂ ಇದೆ. 1989ರ ಬಿರುಗಾಳಿಗೆ ಅದರ ಮೂಲಕಾಂಡವು ಉರುಳಿತು. ಆದರೂ ಮರವು ಸಾಯಲಿಲ್ಲ. ವರ್ಷ ವರ್ಷವೂ ಸದ್ದಿಲ್ಲದೆ ಕೆಳಗಿಳಿದು ನೆಲವನ್ನು ಹಿಡಿದಿದ್ದ ಬಿಳಲುಗಳು ಮರವನ್ನು ಎತ್ತಿ ಹಿಡಿದವು. ಎಳೆಯ ಬಿಳಲು ಗಾಳಿಗೆ ತೂಗುವ ದಾರದಂತಿರುತ್ತದೆ. ಅದರಿಂದ ಮರಕ್ಕೆ ಏನು ಪ್ರಯೋಜನವೆಂದು ಯಾರಾದರೂ ಕೇಳಿಯಾರು. ಭಕ್ತನ ಮೊದಲ ಉತ್ಸಾಹ, ಬಾಲ್ಯದ ನಿಸ್ಸಂಶಯವಾದ ನಂಬಿಕೆ, ಊರಿನ ಆಸರೆ ಇವು ಮೂಲಕಾಂಡವಿದ್ದಂತೆ. ಮರಣ, ರೋಗ, ಸಂಶಯ ಮೊದಲಾದ ಬಿರುಗಾಳಿಗಳಿಗೆ ಅದು ಬಿದ್ದೀತು. ಆಗ ಹಿಡಿದು ನಿಲ್ಲಿಸುವುವು ದಿನಕ್ಕೊಂದರಂತೆ ಇಳಿಬಿಟ್ಟ ಸಣ್ಣ ನೇಮಗಳೇ. ಬಿರುಗಾಳಿ ಬಂದ ದಿನ ಬಿಳಲನ್ನು ಬೆಳೆಸಲಾಗದು.

ಈ ಬಿಳಲನ್ನು ಬೆಳೆಸುವುದು ಹೇಗೆ? 1548ರಲ್ಲಿ ಪ್ರಕಟವಾದ ಇಗ್ನೇಷಿಯಸ್ ಲೊಯೋಲಾನ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಗ್ರಂಥವು ಒಂದು ಸರಳವಾದ ಕ್ರಮವನ್ನು ಹೇಳುತ್ತದೆ. 1880ರಲ್ಲಿ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು ಸ್ಥಾಪಿಸಿದ ಯೇಸುಸಭೆಗೆ ಈತನೇ ಮೂಲಪುರುಷನು. ದಿನದ ಕೊನೆಯಲ್ಲಿ ಭಕ್ತನು ಮೊದಲು ಪಡೆದ ಉಪಕಾರಗಳಿಗಾಗಿ ಕೃತಜ್ಞತೆ ಸಲ್ಲಿಸಬೇಕು. ತನ್ನನ್ನು ತಾನು ಕಾಣಲು ಬೆಳಕನ್ನು ಬೇಡಬೇಕು. ಗಂಟೆ ಗಂಟೆಯಾಗಿ ದಿನವನ್ನು ಪರಿಶೀಲಿಸಬೇಕು. ತಪ್ಪಿಗೆ ಕ್ಷಮೆ ಕೇಳಬೇಕು. ನಾಳೆಗೆ ಸಂಕಲ್ಪ ಮಾಡಬೇಕು. ಒಂದು ನಿರ್ದಿಷ್ಟ ದೋಷವನ್ನು ಗೆಲ್ಲಬೇಕೆನ್ನುವವನು ವಾರದ ದಿನಗಳಿಗೆ ಗೆರೆಗಳನ್ನೆಳೆದು, ತಪ್ಪಿದಷ್ಟು ಬಾರಿ ಚುಕ್ಕೆಯಿಟ್ಟು, ದಿನಕ್ಕೆ ದಿನವನ್ನು ಹೋಲಿಸಿ ನೋಡಬೇಕೆಂದೂ ಅಲ್ಲಿ ಹೇಳಿದೆ. ವ್ಯಾಪಾರಿಯು ರಾತ್ರಿ ಅಂಗಡಿ ಮುಚ್ಚುವ ಮುನ್ನ ಶಿಲ್ಕು ತಾಳೆ ನೋಡುವಂತೆ ಇದು ಆತ್ಮದ ಲೆಕ್ಕ.

ಲೆಕ್ಕದ ಪುಸ್ತಕದಿಂದ ಕಲಿಯಬೇಕಾದ ಇನ್ನೊಂದು ಪಾಠವೂ ಇದೆ. ಒಳ್ಳೆಯ ಲೆಕ್ಕಿಗನು ತಪ್ಪು ನಮೂದನ್ನು ಉಜ್ಜಿ ಅಳಿಸುವುದಿಲ್ಲ, ಆ ಹಾಳೆಯನ್ನು ಹರಿಯುವುದೂ ಇಲ್ಲ. ತಪ್ಪು ಕಾಣುವಂತೆಯೇ ಇದ್ದು, ಅದನ್ನು ಸರಿಪಡಿಸುವ ಹೊಸ ನಮೂದು ಬೀಳುತ್ತದೆ, ಪುಸ್ತಕ ಮುಂದುವರಿಯುತ್ತದೆ. ಹತ್ತು ದಿನ ಪ್ರಾರ್ಥನೆ ತಪ್ಪಿದವನು ಇನ್ನು ಯಾವ ಮುಖದಿಂದ ಕುಳಿತುಕೊಳ್ಳಲೆಂದು ನೊಂದು ಪುಸ್ತಕವನ್ನೇ ಮುಚ್ಚಿಬಿಡುತ್ತಾನೆ. ಪೇತ್ರನು ಮುಚ್ಚಲಿಲ್ಲ, ಅತ್ತನು, ಮರಳಿ ಬಂದನು. ನಂಬಿಗಸ್ತಿಕೆಯೆಂದರೆ ಎಂದೂ ಎಡವದಿರುವುದಲ್ಲ. ಎಡವಿದಲ್ಲಿಯೇ ಕುಳಿತಿರದೆ ಏಳುವುದು.

ಅಡ್ಯಾರು ನದಿಯ ದಡದಲ್ಲಿ, ಸೈದಾಪೇಟೆಯ ಸಮೀಪದ ಚಿನ್ನಮಲೆಯಲ್ಲಿ ಒಂದು ಚಿಕ್ಕ ಗುಹೆಯಿದೆ. ಯೇಸುವಿನ ಶಿಷ್ಯನಾದ ತೋಮನು ಅಲ್ಲಿ ಆಶ್ರಯ ಪಡೆದಿದ್ದನೆಂಬುದು ಪರಂಪರೆಯ ನಂಬಿಕೆ. ಶಿಷ್ಯರೆಲ್ಲರಲ್ಲಿ ಸಂಶಯಕ್ಕೆ ಹೆಸರಾದವನು ಅವನೇ. ಕಣ್ಣಾರೆ ಕಂಡು ಕೈಯಾರೆ ಮುಟ್ಟದೆ ನಂಬಲಾರೆನೆಂದವನು ಎಲ್ಲರಿಗಿಂತ ದೂರದ ನಾಡಿಗೆ ನಡೆದುಬಂದನೆಂದು ಪರಂಪರೆಯು ಹೇಳುತ್ತದೆ. ಸಂಶಯಗಳೆಲ್ಲ ತೀರಿದ ಮೇಲೆ ನಿಷ್ಠೆಯನ್ನು ಆರಂಭಿಸುತ್ತೇನೆಂದು ಕಾಯುವವರಿಗೆ ಆ ಗುಹೆಯೇ ಉತ್ತರ. ಹೆಜ್ಜೆಗಳನ್ನು ಇಡುತ್ತಾ ಹೋದವನಿಗೆ ದಾರಿಯಲ್ಲಿಯೇ ನಂಬಿಕೆಯು ಗಟ್ಟಿಯಾಗುತ್ತದೆ.

ವಿಜಯದಶಮಿಯ ಮರುದಿನ ಕುಂಕುಮ ಮೆತ್ತಿದ ಉಳಿಯು ಮತ್ತೆ ಮರವನ್ನು ಕೆತ್ತುತ್ತದೆ, ಲೇಖನಿಯು ಮತ್ತೆ ಅಂಕಿಗಳನ್ನು ಬರೆಯುತ್ತದೆ. ಯಾವ ಹೆಸರಿನಿಂದ ಕರೆದರೂ ಓಗೊಡುವ ಭಗವಂತನು ಆ ದಿನದ ಕೆಲಸವನ್ನು ನೆಟ್ಟಗೆ ಮಾಡುವ ಕೈಯನ್ನೂ, ಅದನ್ನು ತನಗೆ ಅರ್ಪಿಸುವ ಮನಸ್ಸನ್ನೂ ಮಹಾನಗರದ ಕನ್ನಡಿಗರೆಲ್ಲರಿಗೆ ಅನುಗ್ರಹಿಸಲಿ.