ಗುಡಿಸಿದಷ್ಟೂ ದೂಳು

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಉರಿಗಾಂನಲ್ಲಿ ನಮಗುಳಿದದ್ದು ಸೈನೈಡ್ ಗುಡ್ಡಗಳು. ಗಾಳಿ ಎದ್ದರೆ ಆ ದೂಳು ಅಡುಗೆಮನೆಯವರೆಗೂ ಬರುತ್ತದೆ.

ನನ್ನ ಸಿಟ್ಟೂ ಹಾಗೆಯೇ. ಭಾನುವಾರ ಚರ್ಚಿನಲ್ಲಿ ಅತ್ತು ಕ್ಷಮೆ ಬೇಡಿದವಳು, ಸೋಮವಾರ ಹಾಸಿಗೆ ಹಿಡಿದ ಅತ್ತೆಯ ಮೇಲೆ ರೇಗಿದೆ. ಇಂಥವಳನ್ನು ದೇವರು ಇನ್ನೂ ತನ್ನವಳೆಂದಾನೆಯೇ ಎಂದು ರಾತ್ರಿಯಿಡೀ ಕೊರಗಿದೆ.

ರೋಮಾಪುರದವರಿಗೆ ಬರೆದ ಪತ್ರದ ಏಳನೆಯ ಅಧ್ಯಾಯದಲ್ಲಿ ಪೌಲನದೂ ಇದೇ ಗೋಳು. ಎಂಟನೆಯದರ ಆರಂಭದಲ್ಲೇ, ಕ್ರಿಸ್ತನಲ್ಲಿರುವವರ ಮೇಲೆ ಅಪರಾಧಿಯೆಂಬ ತೀರ್ಪಿಲ್ಲವೆನ್ನುತ್ತಾನೆ. ಅಧ್ಯಾಯಗಳನ್ನು ವಿಂಗಡಿಸಿದವರು ಎಷ್ಟೋ ಶತಮಾನಗಳ ನಂತರದವರು. ಅವನಿಗೆ ಎರಡೂ ಒಂದೇ ಉಸಿರಿನ ಮಾತು.

ಹಾಗಾದರೆ ರೇಗುತ್ತಲೇ ಇರಬಹುದೇ? ಇಲ್ಲ. ದೂಳು ಬಂತೆಂದು ಯಾರೂ ನಮ್ಮನ್ನು ಮನೆಯಿಂದ ಹೊರಹಾಕುವುದಿಲ್ಲ, ಮನೆಯವರಾದ್ದರಿಂದಲೇ ಗುಡಿಸುತ್ತೇವೆ.

ಬೆಳಿಗ್ಗೆ ಗಂಜಿ ಕೊಟ್ಟು, "ತಪ್ಪಾಯಿತು, ಅತ್ತೆ" ಎಂದೆ. ಆಮೇಲೆ ಪೊರಕೆ ಹಿಡಿದೆ.